ಕಾಕಾನ ಕಂಪ್ಯೂಟರ್ ಮತ್ತು ಎರಡು ಸೆಕೆಂಡಿನ ಕತ್ತಲು

ಊರು ಬಿಟ್ಟು ಹೊರಗೆ ದುಡಿಯುವ ನಮ್ಮಂಥ ಸಾಫ್ಟ್‌ವೇರ್ ಮಂದಿಗೆ ಎರಡು ಕೆಲಸ. ಒಂದು, ಕಂಪನಿ ಸಂಬಳ ಕೊಡುವ ಕೆಲಸ. ಇನ್ನೊಂದು, ಕನ್ನಡ ಮಾತಾಡುವ ಯಾರ ಮನೆಯಲ್ಲಿ ಪ್ರಿಂಟರ್ ನಿಂತರೂ, ವೈಫೈ ಕೈಕೊಟ್ಟರೂ, ಮೊಬೈಲಿನಲ್ಲಿ ಜಾಗ ತುಂಬಿದರೂ ಹೋಗಿ ನೋಡಿಕೊಡುವ ಕೆಲಸ. ‘ನೀವು ಕಂಪ್ಯೂಟರ್ ಇಂಜಿನಿಯರ್ ಅಲ್ಲೇನ್ರಿ?’ ಎಂದು ಕೇಳಿದರೆ ಮುಗಿಯಿತು. ನಾನು ಸರ್ವರ್‌ಗಳಿಗೆ ಕೋಡ್ ಬರೆಯುವವನು, ನನಗೂ ನಿಮ್ಮ ಪ್ರಿಂಟರಿಗೂ ಏನೇನೂ ಸಂಬಂಧವಿಲ್ಲ ಎಂದರೆ ಯಾರೂ ನಂಬುವುದಿಲ್ಲ. ಸುರತ್ಕಲ್‌ನಲ್ಲಿ ಎಂ.ಟೆಕ್ ಮಾಡಿದ ಎರಡು ವರ್ಷದಲ್ಲಿ ನಾನು ಒಮ್ಮೆಯೂ ಕಂಪ್ಯೂಟರ್ ಡಬ್ಬಿಯ ಮುಚ್ಚಳ ಬಿಚ್ಚಿರಲಿಲ್ಲ. ಬಿಚ್ಚಲು ಕಲಿತದ್ದು ಪುಣೆಗೆ ಬಂದ ಮೇಲೆ, ಇಂಥ ಕರೆಗಳಿಂದಲೇ.

ಕಳೆದ ನವೆಂಬರ್‌ನಲ್ಲಿ ಬಂದದ್ದು ಚಿಂಚವಡದ ಕಾಕಾನ ಕರೆ. ನನ್ನ ಸ್ವಂತ ಕಾಕಾ ಅಲ್ಲ. ಅಥಣಿ ಕಡೆಯವರು, ಪುಣೆಗೆ ಬಂದು ಮೂವತ್ತು ವರ್ಷವಾಯಿತು. ಮದುವೆ, ಸೀಮಂತ, ವಾಸ್ತುಶಾಂತಿಗಳ ಫೋಟೊ, ವಿಡಿಯೊ ಮಾಡುವ ಸಣ್ಣ ಅಂಗಡಿ. ರಾಜ್ಯೋತ್ಸವದ ಕಾರ್ಯಕ್ರಮವೊಂದರಲ್ಲಿ ಕ್ಯಾಮೆರಾ ಹಿಡಿದು ನಿಂತಿದ್ದಾಗ ಪರಿಚಯ. ನಾನು ಧಾರವಾಡದವನೆಂದು ತಿಳಿದ ದಿನದಿಂದ ಅವರಿಗೆ ನಾನು ‘ತಮ್ಮಾ’.

‘ತಮ್ಮಾ, ನಮ್ಮ ಕಂಪ್ಯೂಟರ್ ಕಣ್ಣ ಮುಚ್ಚಿ ಕಣ್ಣ ತಗ್ಯಾಕತ್ತೈತಿ. ಒಂದೀಟ ಬಂದು ನೋಡ್ತಿ ಏನ?’

ಸೋಮವಾರ ಸಂಜೆ ಆಫೀಸು ಮುಗಿಸಿ ಹೋದೆ. ಕಾಕಾ ಹೇಳಿದ್ದು ಅಕ್ಷರಶಃ ನಿಜ. ಕೆಲಸ ಮಾಡುತ್ತಿದ್ದ ಹಾಗೇ ಪರದೆ ಕಪ್ಪಾಗುತ್ತದೆ, ಎರಡು ಮೂರು ಸೆಕೆಂಡ್ ಬಿಟ್ಟು ಮತ್ತೆ ಬರುತ್ತದೆ. ಅಷ್ಟರಲ್ಲಿ ಎಡಿಟಿಂಗ್ ಸಾಫ್ಟ್‌ವೇರ್ ಸತ್ತಿರುತ್ತದೆ. ಕೆಲವೊಮ್ಮೆ ಇಡೀ ಯಂತ್ರವೇ ತಾನಾಗಿ ರೀಸ್ಟಾರ್ಟ್ ಆಗುತ್ತದೆ.

ಹಿನ್ನೆಲೆ ನಿಮ್ಮಲ್ಲಿ ಹಲವರಿಗೆ ಗೊತ್ತಿರುವುದೇ. 2015ರ ಜುಲೈನಲ್ಲಿ ಬಂದ ವಿಂಡೋಸ್ 10ಕ್ಕೆ ಉಚಿತ ಬೆಂಬಲ ನಿಂತದ್ದು 2025ರ ಅಕ್ಟೋಬರ್ 14ಕ್ಕೆ. ಅದಕ್ಕೂ ಮುಂಚೆ ತಿಂಗಳುಗಟ್ಟಲೆ ಪರದೆಯ ಮೇಲೆ ಎಚ್ಚರಿಕೆ ಬರುತ್ತಿತ್ತು. ಭದ್ರತೆಯ ಅಪ್‌ಡೇಟ್‌ಗಳನ್ನು ಇನ್ನೂ ಒಂದು ವರ್ಷ ಪಡೆಯುವ ದಾರಿ ಇತ್ತು. ಆದರೆ ಅಂಗಡಿಯಲ್ಲಿ ಕೈಗೆ ಆಸರೆಯಾಗಿರುವ ತಂಗಿಯ ಮಗ ದೀಪಾವಳಿ ಮುಗಿದ ವಾರ ಧೈರ್ಯ ಮಾಡಿ ವಿಂಡೋಸ್ 11 ಹಾಕಿದ್ದ. 2018ರಲ್ಲಿ ಜೋಡಿಸಿದ ಯಂತ್ರ, ಇಂಟೆಲ್‌ನ ಎಂಟನೇ ತಲೆಮಾರಿನ ಪ್ರೊಸೆಸರ್. ವಿಂಡೋಸ್ 11 ಒಪ್ಪಿಕೊಳ್ಳುವ ಗೆರೆ ಸರಿಯಾಗಿ ಅಲ್ಲಿಂದಲೇ ಶುರು. ಗ್ರಾಫಿಕ್ಸ್ ಕಾರ್ಡ್ ಜಿಟಿಎಕ್ಸ್ 1060, ಆರು ಜಿಬಿಯದು. ಹಳೆಯದು, ಆದರೆ ಮದುವೆ ವಿಡಿಯೊಗೆ ಸಾಕು.

‘ಹಳೇದಕ್ಕ ವಾಪಸ್ ಹೋಗಾಕ ಬರೂದಿಲ್ಲೇನು?’ ಕಾಕಾ ಕೇಳಿದರು.

ಬರುತ್ತದೆ. ಆದರೆ ಹತ್ತು ದಿನದೊಳಗೆ. ಅಪ್‌ಗ್ರೇಡ್ ಆದಾಗ ಹಳೆಯ ವಿಂಡೋಸ್ ಒಂದು ಫೋಲ್ಡರ್‌ನಲ್ಲಿ ಉಳಿದಿರುತ್ತದೆ. ಸೆಟ್ಟಿಂಗ್ಸ್, ಸಿಸ್ಟಂ, ರಿಕವರಿ ಎಂದು ಹೋದರೆ ‘ಗೋ ಬ್ಯಾಕ್’ ಎಂಬ ಗುಂಡಿ ಸಿಗುತ್ತದೆ. ಹತ್ತು ದಿನ ದಾಟಿದ ಮೇಲೆ ಅದು ತಾನಾಗಿ ಅಳಿಸಿಹೋಗುತ್ತದೆ. ನಾನು ಹೋದ ಹೊತ್ತಿಗೆ ಇಪ್ಪತ್ತು ದಿನ ದಾಟಿತ್ತು. ತುಳಸಿ ಲಗ್ನದವರೆಗೆ ಅಂಗಡಿಯಲ್ಲಿ ಹೆಚ್ಚು ಕೆಲಸ ಇರದ ಕಾರಣ ತೊಂದರೆಯನ್ನು ಹೇಗೋ ತಳ್ಳಿಕೊಂಡು ಬಂದಿದ್ದರು. ಈಗ ಒಂದು ಮದುವೆಯ ವಿಡಿಯೊ ಕೊಡಬೇಕಿತ್ತು. ಮದುಮಗಳು ಮುಂದಿನ ಮಂಗಳವಾರ ಗಂಡನ ಜೊತೆ ಜರ್ಮನಿಗೆ ಹೊರಡುವವಳು. ವಿಡಿಯೊ ಕೈಗೆ ಬಂದ ಮೇಲೆ ಉಳಿದ ನಲವತ್ತು ಸಾವಿರ ಕೊಡುವ ಮಾತು.

ಫುಟೇಜ್ ಎಲ್ಲೆಲ್ಲಿ ಇದೆ ಎಂದು ಕೇಳಿದೆ. ‘ಇದರೊಳಗ ಐತಲ್ಲ’ ಎಂದರು ಕಾಕಾ, ಡಬ್ಬಿ ತೋರಿಸಿ. ಬೇರೆ ಕಾಪಿ? ಇಲ್ಲ. ಕ್ಯಾಮೆರಾದ ಕಾರ್ಡುಗಳು? ಮುಂದಿನ ಶೂಟಿಂಗಿಗೆಂದು ಹುಡುಗ ಫಾರ್ಮ್ಯಾಟ್ ಮಾಡಿಬಿಟ್ಟಿದ್ದ.

ನನಗೆ ಬೆವರು ಬಂತು. ಒಂದು ಇಡೀ ಮದುವೆ, ಆಗಾಗ ಸಾಯುತ್ತಿರುವ ಒಂದೇ ಯಂತ್ರದೊಳಗೆ, ಒಂದೇ ಡಿಸ್ಕ್‌ನಲ್ಲಿ ಕೂತಿದೆ. ಅದಕ್ಕೆ ಕೈ ಹಾಕುವ ಮುಂಚೆ ಅದನ್ನು ಹೊರಗೆ ತೆಗೆಯಬೇಕು. ಎಡಿಟಿಂಗ್ ಸಾಫ್ಟ್‌ವೇರ್ ತೆರೆಯಲೇಬೇಡಿ ಎಂದು ಹೇಳಿ, ನನ್ನ ಬ್ಯಾಗಿನಲ್ಲಿದ್ದ ಎಕ್ಸ್‌ಟರ್ನಲ್ ಹಾರ್ಡ್‌ಡಿಸ್ಕ್ ಹಚ್ಚಿದೆ. ಫೈಲ್ ಕಾಪಿ ಮಾಡುವಾಗ ಗ್ರಾಫಿಕ್ಸ್ ಕಾರ್ಡಿಗೆ ಹೆಚ್ಚು ಕೆಲಸವಿಲ್ಲ, ಆದ್ದರಿಂದ ಯಂತ್ರ ಬಾಳುತ್ತದೆಂಬ ಭರವಸೆ. ಮುನ್ನೂರೈವತ್ತು ಜಿಬಿ, ಒಂದು ತಾಸಿಗೆ ಸ್ವಲ್ಪ ಹೆಚ್ಚು. ಕಾಕು ಚುರಮುರಿ, ಚಹಾ ಕೊಟ್ಟರು. ನಾವು ಮೂವರೂ ಮಾತಿಲ್ಲದೆ ಹಸಿರು ಗೆರೆ ಮುಂದೆ ಸರಿಯುವುದನ್ನೇ ನೋಡುತ್ತ ಕೂತೆವು. ಮಧ್ಯೆ ಒಮ್ಮೆ ಪರದೆ ಕಪ್ಪಾಯಿತು. ಕಾಕು ಬಾಗಿಲಲ್ಲೇ ನಿಂತು ಬನಶಂಕರಿಯ ಹೆಸರು ಹೇಳಿದರು. ಪರದೆ ಬಂತು, ಕಾಪಿ ನಿಂತಿರಲಿಲ್ಲ.

ಆ ಕತ್ತಲಿನ ವಿಷಯ ಇಲ್ಲೇ ಹೇಳಿಬಿಡುತ್ತೇನೆ. ಅದು ರೋಗವಲ್ಲ, ಒಂದು ರೀತಿಯ ಚಿಕಿತ್ಸೆ. ವಿಂಡೋಸ್ ಎಕ್ಸ್‌ಪಿ ಕಾಲದಲ್ಲಿ ಗ್ರಾಫಿಕ್ಸ್ ಕಾರ್ಡ್ ಎಲ್ಲೋ ಸಿಕ್ಕಿಹಾಕಿಕೊಂಡರೆ ಇಡೀ ಕಂಪ್ಯೂಟರ್ ಕಲ್ಲಾಗುತ್ತಿತ್ತು, ಸ್ವಿಚ್ ಒತ್ತಿ ಆರಿಸುವುದೊಂದೇ ದಾರಿ. ವಿಸ್ಟಾದಿಂದ ಈಚೆಗೆ ಒಂದು ಕಾವಲು ಬಂತು. ಅದಕ್ಕೆ ಟಿಡಿಆರ್ ಎನ್ನುತ್ತಾರೆ. ಕಾರ್ಡಿಗೆ ಕೊಟ್ಟ ಕೆಲಸಕ್ಕೆ ಎರಡು ಸೆಕೆಂಡಿನಲ್ಲಿ ಉತ್ತರ ಬರದಿದ್ದರೆ ವಿಂಡೋಸ್ ಕಾರ್ಡನ್ನೂ ಅದರ ಡ್ರೈವರನ್ನೂ ಮೊದಲಿಂದ ಎಬ್ಬಿಸುತ್ತದೆ. ನಮಗೆ ಕಾಣುವ ಕತ್ತಲು ಅದೇ. ಎದ್ದರೆ ಸರಿ, ಏಳದಿದ್ದರೆ ‘ವಿಡಿಯೊ ಟಿಡಿಆರ್ ಫೇಲ್ಯೂರ್’ ಎಂದು ಬರೆದು ಇಡೀ ಯಂತ್ರವೇ ನಿಲ್ಲುತ್ತದೆ.

ಇಂಟರ್‌ನೆಟ್‌ನಲ್ಲಿ ಇದಕ್ಕೆ ಸಲೀಸಾದ ಉಪಾಯವೊಂದು ಓಡಾಡುತ್ತದೆ: ರಿಜಿಸ್ಟ್ರಿಯಲ್ಲಿ ‘ಟಿಡಿಆರ್ ಡಿಲೇ’ ಎಂಬ ಸಂಖ್ಯೆಯನ್ನು ಎರಡರಿಂದ ಎಂಟಕ್ಕೋ ಹತ್ತಕ್ಕೋ ಏರಿಸಿ ಎಂದು. ಕಾರ್ಡಿನ ಮೇಲೆ ದೀರ್ಘ ಲೆಕ್ಕಾಚಾರ ಓಡಿಸುವ ಕೆಲವರಿಗೆ ಅದು ಬೇಕಾಗುತ್ತದೆ, ಇಲ್ಲವೆನ್ನುವುದಿಲ್ಲ. ಮಿಕ್ಕವರಿಗೆ ಅದು ರಾತ್ರಿ ಬೊಗಳುವ ನಾಯಿಯ ಬಾಯಿ ಕಟ್ಟಿ ಮಲಗಿದ ಹಾಗೆ. ಕಳ್ಳ ಹಿತ್ತಲಲ್ಲೇ ಇರುತ್ತಾನೆ.

ಕಾಪಿ ಮುಗಿದ ಮೇಲೆ ದಾಖಲೆ ನೋಡಿದೆ. ಸ್ಟಾರ್ಟ್ ಗುಂಡಿ ಒತ್ತಿ ‘ರಿಲಯಬಿಲಿಟಿ’ ಎಂದು ಟೈಪ್ ಮಾಡಿದರೆ ಒಂದು ಕ್ಯಾಲೆಂಡರ್ ತೆರೆದುಕೊಳ್ಳುತ್ತದೆ. ಯಾವ ದಿನ ಏನು ಕೆಟ್ಟಿತು, ಯಾವ ದಿನ ಯಾವ ಸಾಫ್ಟ್‌ವೇರ್ ಹೊಸದಾಗಿ ಬಂತು ಎಂದು ದಿನದಿನದ ಲೆಕ್ಕ ಅಲ್ಲಿರುತ್ತದೆ. ವಿಂಡೋಸ್‌ನಲ್ಲಿ ಇಷ್ಟು ಉಪಯೋಗದ, ಇಷ್ಟು ಕಡಿಮೆ ಜನ ತೆರೆದು ನೋಡುವ ಪುಟ ಇನ್ನೊಂದಿಲ್ಲ ಎಂದು ನನ್ನ ಅಭಿಪ್ರಾಯ. ಕಾಕಾನ ಯಂತ್ರದಲ್ಲಿ ಅಪ್‌ಗ್ರೇಡ್ ಆದ ಮರುದಿನದಿಂದ ದಿನಕ್ಕೆ ಒಂದೆರಡು ತಪ್ಪು. ನಾಲ್ಕನೇ ದಿನದಿಂದ ದಿನಕ್ಕೆ ಆರೇಳು. ಅದೇ ನಾಲ್ಕನೇ ದಿನ ಎಡಿಟಿಂಗ್ ಸಾಫ್ಟ್‌ವೇರ್‌ನ ಹೊಸ ಆವೃತ್ತಿ ಹಾಕಿದ ಗುರುತೂ ಇತ್ತು. ನೋಡಿದೆ. ನೋಡಿ ಮುಂದೆ ಹೋದೆ.

ಈವೆಂಟ್ ವ್ಯೂವರ್‌ನಲ್ಲಿ 4101 ಎಂಬ ಸಂಖ್ಯೆಯ ಸಾಲುಗಳು ಸಾಲಾಗಿ ನಿಂತಿದ್ದವು: ಡಿಸ್‌ಪ್ಲೇ ಡ್ರೈವರ್ ಉತ್ತರಿಸುವುದನ್ನು ನಿಲ್ಲಿಸಿತು, ಮತ್ತೆ ಚೇತರಿಸಿಕೊಂಡಿತು ಎಂದು. ಇಲ್ಲೊಂದು ಮಾತು. ಆ ಸಾಲಿನಲ್ಲಿ ಡ್ರೈವರಿನ ಹೆಸರು ಇರುವುದರಿಂದ ಡ್ರೈವರೇ ಅಪರಾಧಿ ಎಂದು ನಾವು ಓದಿಕೊಳ್ಳುತ್ತೇವೆ. ಅದು ಶವ ಮೊದಲು ಕಂಡವನ ಹೆಸರನ್ನು ಪಂಚನಾಮೆಯಲ್ಲಿ ಬರೆದ ಹಾಗೆ, ಅಷ್ಟೇ. ಹಾಗೆಯೇ ರಿಲಯಬಿಲಿಟಿ ಪುಟದಲ್ಲಿ ‘ಹಾರ್ಡ್‌ವೇರ್ ಎರರ್’ ಎಂದು ಬರೆದಿದ್ದರೆ ಹಾರ್ಡ್‌ವೇರ್ ಕೆಟ್ಟಿದೆ ಎಂದೇ ಅರ್ಥವಲ್ಲ; ಡ್ರೈವರಿನ ತಪ್ಪಿಗೂ ಅದೇ ತಲೆಬರಹ ಬರುತ್ತದೆ.

ಆದರೂ ಅಪ್‌ಗ್ರೇಡ್ ಆದ ಯಂತ್ರದಲ್ಲಿ ಮೊದಲು ಡ್ರೈವರನ್ನೇ ನೋಡಬೇಕು. ವಿಂಡೋಸ್ ಬದಲಾದಾಗ ಹಳೆಯ ಡ್ರೈವರಿನ ತುಣುಕುಗಳು ಉಳಿದುಕೊಂಡು, ಮೇಲೆ ಅಪ್‌ಡೇಟ್‌ನಿಂದ ಇನ್ನೊಂದು ಬಂದು ಕೂರುವುದು ಅಪರೂಪವಲ್ಲ. ಮಾಮೂಲಿ ಅನ್‌ಇನ್‌ಸ್ಟಾಲ್ ಎಲ್ಲವನ್ನೂ ಗುಡಿಸುವುದಿಲ್ಲ. ಡಿಡಿಯು ಎಂಬ ಉಚಿತ ಸಾಧನ ಇದಕ್ಕೆಂದೇ ಇದೆ. ಮೊದಲು ಕಾರ್ಡ್ ತಯಾರಕರ ಜಾಲತಾಣದಿಂದ ಬೇಕಾದ ಡ್ರೈವರ್ ಇಳಿಸಿಟ್ಟುಕೊಂಡೆ. ನಂತರ ಇಂಟರ್‌ನೆಟ್ ಕೇಬಲ್ ಕಿತ್ತೆ. ಇದನ್ನು ಮರೆತರೆ ನಾವು ಹಳೆಯದನ್ನು ತೆಗೆದ ಮರುಕ್ಷಣ ವಿಂಡೋಸ್ ತಾನೇ ಇನ್ನೊಂದು ಡ್ರೈವರ್ ತಂದು ಹಾಕುತ್ತದೆ, ಪಟ್ಟ ಶ್ರಮವೆಲ್ಲ ನೀರಲ್ಲಿ ಹೋಮ. ಸೇಫ್ ಮೋಡ್‌ಗೆ ಹೋಗಿ, ಡಿಡಿಯುದಿಂದ ಗುಡಿಸಿ, ರೀಸ್ಟಾರ್ಟ್ ಮಾಡಿ, ಇಳಿಸಿಟ್ಟ ಡ್ರೈವರ್ ಹಾಕಿ, ಕೊನೆಗೆ ಕೇಬಲ್ ಹಚ್ಚಿದೆ.

ರೀಸ್ಟಾರ್ಟ್ ಎಂದೆ, ಶಟ್‌ಡೌನ್ ಎನ್ನಲಿಲ್ಲ. ‘ನಾ ದಿನಾ ರಾತ್ರಿ ಬಂದ್ ಮಾಡಿ ಮುಂಜಾನೆ ಚಾಲೂ ಮಾಡ್ತೀನಿ’ ಎಂದು ಕಾಕಾ ಹೆಮ್ಮೆಯಿಂದ ಹೇಳಿದ್ದರು. ವಿಂಡೋಸ್ 8ರಿಂದ ಬಂದ ‘ಫಾಸ್ಟ್ ಸ್ಟಾರ್ಟಪ್’ ಚಾಲೂ ಇದ್ದರೆ ಶಟ್‌ಡೌನ್ ಮಾಡಿದಾಗ ವ್ಯವಸ್ಥೆಯ ಒಳತಿರುಳು ಪೂರ್ತಿ ಆರುವುದಿಲ್ಲ. ಡಿಸ್ಕ್‌ನಲ್ಲಿ ಮಲಗಿದ್ದು ಬೆಳಿಗ್ಗೆ ಹಾಗೇ ಏಳುತ್ತದೆ, ನಿನ್ನೆಯ ಹಠಗಳೂ ಅದರ ಜೊತೆಗೇ. ಪೂರ್ತಿ ಹೊಸದಾಗಿ ಶುರುವಾಗುವುದು ರೀಸ್ಟಾರ್ಟ್ ಒತ್ತಿದಾಗ. ಇಷ್ಟು ಗೊತ್ತಿದ್ದರೆ ಊರಿಂದ ಬರುವ ಅರ್ಧದಷ್ಟು ‘ಕಂಪ್ಯೂಟರ್ ಕೆಟ್ಟೈತಿ’ ಫೋನುಗಳನ್ನು ಅಲ್ಲೇ ಮುಗಿಸಬಹುದು.

ರಾತ್ರಿ ಹನ್ನೊಂದರವರೆಗೆ ಕೂತು ನೋಡಿದೆವು. ಒಮ್ಮೆಯೂ ಕತ್ತಲಾಗಲಿಲ್ಲ. ನಾನು ಗೆದ್ದವನ ಹಾಗೆ ವಾಕಡಕ್ಕೆ ವಾಪಸಾದೆ.

ಬುಧವಾರ ರಾತ್ರಿ ಮತ್ತೆ ಫೋನ್. ಸುಮ್ಮನಿದ್ದಾಗ ಏನೂ ಆಗುವುದಿಲ್ಲ, ಆದರೆ ವಿಡಿಯೊ ಎಕ್ಸ್‌ಪೋರ್ಟ್ ಇಟ್ಟರೆ ಹದಿನೈದು ಇಪ್ಪತ್ತು ನಿಮಿಷಕ್ಕೆ ಪರದೆ ಕಪ್ಪು, ಸಾಫ್ಟ್‌ವೇರ್ ಬಂದ್. ಮೂರು ಸಲ ಮಾಡಿ ನೋಡಿದ್ದರು. ಹೋದೆ. ಗ್ರಾಫಿಕ್ಸ್ ಸೆಟ್ಟಿಂಗ್ಸ್‌ನಲ್ಲಿ ‘ಹಾರ್ಡ್‌ವೇರ್ ಆಕ್ಸಲರೇಟೆಡ್ ಜಿಪಿಯು ಶೆಡ್ಯೂಲಿಂಗ್’ ಆರಿಸಿ ನೋಡಿದೆ, ಕೆಲವು ಯಂತ್ರಗಳಲ್ಲಿ ಇದೊಂದರಿಂದಲೇ ಸರಿಹೋಗುತ್ತದೆ. ಇಲ್ಲಿ ಆಗಲಿಲ್ಲ. ಧೂಳು ಊದಿದೆ. ಬಿಸಿ ನೋಡಿದೆ, ಎಪ್ಪತ್ತು ಡಿಗ್ರಿಯ ಆಸುಪಾಸು. ಈ ಕಾರ್ಡಿಗೆ ಅದು ಮಾಮೂಲು. ಮೆಮೊರಿ ಪರೀಕ್ಷೆ ಪಾಸಾಯಿತು.

ಹನ್ನೆರಡು ಗಂಟೆಯಾಗಿತ್ತು. ಬೆಳಿಗ್ಗೆ ಎಂಟಕ್ಕೆ ನನಗೆ ಮೀಟಿಂಗ್. ‘ಕಾಕಾ, ಕಾರ್ಡ್ ಹೋಗೇದ್ರಿ. ಏಳು ವರ್ಷ ದುಡದದ. ಹೊಸಾದು ತಗೋಬೇಕು’ ಎಂದುಬಿಟ್ಟೆ. ಎಷ್ಟಾದೀತು ಎಂದು ಕೇಳಿದರು. ಮೂವತ್ತು ಸಾವಿರದ ಹತ್ತಿರ ಎಂದೆ.

ಕಾಕಾ ಸ್ವಲ್ಪ ಹೊತ್ತು ಸುಮ್ಮನಿದ್ದರು. ‘ಲಗ್ನದವರು ರೊಕ್ಕ ಕೊಡೂದು ವಿಡಿಯೊ ಕೊಟ್ಟ ಮ್ಯಾಲ. ಕಾರ್ಡ್ ತಗೊಳ್ಳೂದು ಅವರು ರೊಕ್ಕ ಕೊಟ್ಟ ಮ್ಯಾಲ. ಹೆಂಗ ಮಾಡೂದ ಈಗ?’ ಎಂದರು. ನನ್ನನ್ನು ಕೇಳಿದ್ದಲ್ಲ, ತಮ್ಮಷ್ಟಕ್ಕೇ. ಒಳಗಿಂದ ಕಾಕು, ಬಂಗಾರ ಐತಲ್ಲ, ಇಟ್ಟರಾತು ಎಂದರು.

ಗಾಡಿ ಓಡಿಸುತ್ತ ಬರುವಾಗ ನನಗೆ ನನ್ನ ಮೇಲೇ ಅನುಮಾನ ಶುರುವಾಯಿತು. ಆಫೀಸಿನಲ್ಲಿ ಜೂನಿಯರ್ ಒಬ್ಬ ಬಂದು ‘ಸರ್ವರ್ ಸತ್ತಿದೆ, ಹೊಸದು ಕೊಳ್ಳೋಣ’ ಎಂದರೆ ನಾನು ಕೇಳುವ ಮೊದಲ ಮಾತು, ಸತ್ತಿದೆ ಎಂದು ಹೇಗೆ ಗೊತ್ತು ಎಂಬುದು. ಇಲ್ಲಿ ನಾನು ಮಾಡಿದ್ದೇನು? ಉಳಿದ ನಾಲ್ಕು ಕಾರಣ ಅಲ್ಲ ಎಂದು ಕಂಡ ಮೇಲೆ, ಐದನೆಯದೇ ಎಂದು ತೀರ್ಪು ಕೊಟ್ಟಿದ್ದೆ. ಆರನೆಯದು ಇದೆಯೇ ಎಂದು ನೋಡಿರಲಿಲ್ಲ. ರೊಕ್ಕ ನನ್ನದಾಗಿದ್ದರೆ ನೋಡುತ್ತಿದ್ದೆ.

ಗುರುವಾರ ಸಂಜೆ ಹೋಗಿ, ಬಂಗಾರ ಇನ್ನೂ ಮನೆಯಲ್ಲೇ ಇದೆಯೆಂದು ಖಾತ್ರಿ ಮಾಡಿಕೊಂಡು, ಕಾರ್ಡ್ ಬಿಚ್ಚಿ ನನ್ನ ಮನೆಗೆ ತಂದೆ. ಬಿಚ್ಚುವಾಗ ಅದರ ಕರೆಂಟಿನ ಪ್ಲಗ್ ಅಂಟಿಕೊಂಡಂತಿತ್ತು, ಜಗ್ಗಾಡಿ ತೆಗೆಯಬೇಕಾಯಿತು. ಆ ಮೂಲೆಯಲ್ಲಿ ಬೆಳಕಿರಲಿಲ್ಲ, ನಾನೂ ಗಮನಿಸಲಿಲ್ಲ. ನನ್ನ ಕಂಪ್ಯೂಟರಿಗೆ ಹಾಕಿ, ಕಾರ್ಡನ್ನು ಪೂರ್ತಿ ದುಡಿಸುವ ಪರೀಕ್ಷೆಯ ಸಾಫ್ಟ್‌ವೇರ್ ಹಚ್ಚಿ ಎದುರಿಗೇ ಕೂತೆ. ಅರ್ಧ ತಾಸು, ಒಂದು ತಾಸು, ಎರಡು ತಾಸು. ಒಮ್ಮೆಯೂ ಕಣ್ಣು ಮುಚ್ಚಲಿಲ್ಲ. ಕಾರ್ಡ್ ಗಟ್ಟಿಯಾಗಿತ್ತು.

ಅನುಮಾನದ ಭಾಗವನ್ನು ಇನ್ನೊಂದು ಯಂತ್ರದಲ್ಲಿ ಹಾಕಿ ನೋಡುವುದಕ್ಕಿಂತ ದೊಡ್ಡ ಸಾಕ್ಷಿ ಇಲ್ಲ. ಗೆಳೆಯರ ಮನೆಯಲ್ಲಿ ಡೆಸ್ಕ್‌ಟಾಪ್ ಇದ್ದರೆ ಒಂದು ಸಂಜೆ ಕೇಳಿ ಪಡೆಯಿರಿ. ಮೂವತ್ತು ಸಾವಿರದ ಪ್ರಶ್ನೆಗೆ ಒಂದು ಸಂಜೆ ಹೆಚ್ಚಲ್ಲ.

ಶುಕ್ರವಾರ ಟಾರ್ಚ್ ಹಿಡಿದು ಹೋದೆ. ಕಾಕಾನ ಡಬ್ಬಿಯೊಳಗೆ ಕಾರ್ಡಿಗೆ ಹೋಗುವ ಆ ಪ್ಲಗ್ ಹೊರಗೆಳೆದು ನೋಡಿದರೆ, ಆರು ತೂತುಗಳಲ್ಲಿ ಒಂದರ ಸುತ್ತ ಪ್ಲಾಸ್ಟಿಕ್ ಕಂದಾಗಿ ಕರಗಿತ್ತು. ಮೂಗಿನ ಹತ್ತಿರ ತಂದರೆ ಸುಟ್ಟ ವಾಸನೆ. ಹಿಂದೆ ಈ ಯಂತ್ರ ಜೋಡಿಸಿದವರು ಯಾರೋ ಗ್ರಾಫಿಕ್ಸ್ ಕಾರ್ಡಿಗೆ ಬೇಕಾದ ಆರು ಪಿನ್ನಿನ ತಂತಿಯೇ ಇಲ್ಲದ ಅಗ್ಗದ ಪವರ್ ಸಪ್ಲೈ ಹಾಕಿ, ಹಾರ್ಡ್‌ಡಿಸ್ಕಿನ ಹಳೆ ಮಾದರಿ ಪ್ಲಗ್‌ಗಳಿಂದ ಒಂದು ಅಡಾಪ್ಟರ್ ಮೂಲಕ ಕರೆಂಟ್ ಎಳೆದಿದ್ದರು.

ಲೆಕ್ಕ ಸರಳ. ಜಿಟಿಎಕ್ಸ್ 1060 ಪೂರ್ತಿ ದುಡಿದಾಗ ಸುಮಾರು 120 ವಾಟ್ ಬೇಡುತ್ತದೆ. ಮದರ್‌ಬೋರ್ಡಿನ ಸ್ಲಾಟ್ ಕೊಡಬಲ್ಲದ್ದು ಹೆಚ್ಚೆಂದರೆ 75. ಉಳಿದದ್ದು ಆ ಪ್ಲಗ್‌ನಿಂದ ಬರಬೇಕು. ಸಂಪರ್ಕ ಸಡಿಲವಿದ್ದರೆ ಅಲ್ಲಿ ಬಿಸಿಯಾಗುತ್ತದೆ, ಬಿಸಿಯಾದಷ್ಟೂ ಸಂಪರ್ಕ ಇನ್ನೂ ಕೆಡುತ್ತದೆ, ಕಾರ್ಡಿಗೆ ಹೋಗುವ ವೋಲ್ಟೇಜ್ ಇಳಿಯುತ್ತದೆ, ಕಾರ್ಡ್ ತಡವರಿಸುತ್ತದೆ, ಎರಡು ಸೆಕೆಂಡ್ ದಾಟುತ್ತದೆ, ಕತ್ತಲು.

ಹಾಗಾದರೆ ಏಳು ವರ್ಷ ಸುಮ್ಮನಿದ್ದದ್ದು ಅಪ್‌ಗ್ರೇಡ್ ಆದ ಮೇಲೇ ಏಕೆ? ಉತ್ತರ ನಾನು ಸೋಮವಾರ ನೋಡಿ ದಾಟಿಹೋದ ಆ ನಾಲ್ಕನೇ ದಿನದಲ್ಲಿತ್ತು. ಹೊಸ ವಿಂಡೋಸ್ ಬಂತೆಂದು ಹುಡುಗ ಎಡಿಟಿಂಗ್ ಸಾಫ್ಟ್‌ವೇರನ್ನೂ ಹೊಸದು ಮಾಡಿದ್ದ. ಹಳೆಯದು ಬಣ್ಣ, ಎಫೆಕ್ಟ್ ಕೆಲಸವನ್ನೆಲ್ಲ ಪ್ರೊಸೆಸರ್‌ನಿಂದಲೇ ಮಾಡಿಸುತ್ತಿತ್ತು. ಹೊಸದು ಗ್ರಾಫಿಕ್ಸ್ ಕಾರ್ಡಿನ ಮೇಲೆ ಹೊರಿಸುತ್ತದೆ. ಏಳು ವರ್ಷದಲ್ಲಿ ಆ ಪ್ಲಗ್ ಪೂರ್ತಿ ಭಾರ ಹೊತ್ತದ್ದು ಈಗಲೇ. ಕುಳಿತಲ್ಲೇ ಬರುತ್ತಿದ್ದ ಕತ್ತಲು ಡ್ರೈವರಿನದು, ದುಡಿಯುವಾಗ ಬರುತ್ತಿದ್ದದ್ದು ತಂತಿಯದು. ಎರಡೂ ಒಂದೇ ವೇಷದಲ್ಲಿ ಬಂದಿದ್ದವು.

ಶನಿವಾರ ತಪಕೀರ್ ಗಲ್ಲಿಗೆ ಹೋಗಿ, ಸರಿಯಾದ ತಂತಿಗಳಿರುವ 550 ವಾಟಿನ ಪವರ್ ಸಪ್ಲೈ ತಂದೆವು. 4,200 ರೂಪಾಯಿ. ಕಾಕಾ ಅಂಗಡಿಯವನ ಜೊತೆ ಮರಾಠಿಯಲ್ಲಿ ಚೌಕಾಸಿ ಮಾಡಿ, ನನ್ನ ಜೊತೆ ಕನ್ನಡದಲ್ಲಿ ‘ಇನ್ನೂ ಇಳಸ್ತಾನ, ನೀ ಸುಮ್ನಿರ’ ಎನ್ನುತ್ತಿದ್ದರು. ರಾತ್ರಿ ಎಂಟಕ್ಕೆ ಎಕ್ಸ್‌ಪೋರ್ಟ್ ಇಟ್ಟೆವು. ಇಪ್ಪತ್ತನೇ ನಿಮಿಷಕ್ಕೆ ಯಾರೂ ಮಾತಾಡಲಿಲ್ಲ. ನಲವತ್ತನೇ ನಿಮಿಷಕ್ಕೆ ಕಾಕು ಊಟಕ್ಕೆ ಕರೆದರು, ಜೋಳದ ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ. ನಾವು ಊಟ ಮಾಡುವಾಗ ಹುಡುಗ ಯಂತ್ರದ ಮುಂದಿಂದ ಏಳಲೇ ಇಲ್ಲ. ಹತ್ತೂ ಮುಕ್ಕಾಲಿಗೆ ಮುಗಿಯಿತು.

ಇದೇ ಮಾದರಿಯ ಹಳೆ ಕಾರ್ಡ್ ಇಟ್ಟುಕೊಂಡವರು ತಿಳಿದಿರಬೇಕಾದ್ದು: ಜಿಟಿಎಕ್ಸ್ 10 ಸರಣಿಗೆ ನಿಯಮಿತವಾಗಿ ಹೊಸ ಡ್ರೈವರ್ ಬರುವುದು 2025ರ ಅಕ್ಟೋಬರ್‌ಗೆ ಮುಗಿದಿದೆ. ಭದ್ರತೆಯ ತಿದ್ದುಪಡಿಗಳು 2028ರ ಅಕ್ಟೋಬರ್‌ವರೆಗೆ ಇರುತ್ತವೆ ಎಂದು ತಯಾರಕರು ಹೇಳಿದ್ದಾರೆ. ಕಾರ್ಡ್ ನಾಳೆಯೇ ನಿಲ್ಲುವುದಿಲ್ಲ. ಆದರೆ ಸರಿಯಾಗಿ ಓಡುತ್ತಿರುವ ಡ್ರೈವರಿನ ಫೈಲನ್ನು ಎಲ್ಲಾದರೂ ತೆಗೆದಿಟ್ಟುಕೊಳ್ಳಿ. ಪರದೆ ಕಪ್ಪಾಗಿ ಹಾಗೇ ನಿಂತರೆ ವಿಂಡೋಸ್, ಕಂಟ್ರೋಲ್, ಶಿಫ್ಟ್, ಬಿ ನಾಲ್ಕೂ ಕೀಲಿ ಒಟ್ಟಿಗೆ ಒತ್ತಿ ನೋಡಿ. ಡ್ರೈವರ್ ಮಾತ್ರ ಮತ್ತೆ ಎದ್ದು, ತೆರೆದ ಕೆಲಸ ಉಳಿಯುವ ಸಾಧ್ಯತೆ ಇರುತ್ತದೆ.

ಲಿನಕ್ಸ್ ಬಳಸುವವರು ನಗಬೇಡಿ. ಉಬುಂಟು ಅಪ್‌ಗ್ರೇಡ್ ಆಗಿ ಕಪ್ಪು ಪರದೆಯ ಮುಂದೆ ನಾನೂ ಕೂತಿದ್ದೇನೆ. ಕರ್ನಲ್ ಹೊಸದಾದಾಗ ಡ್ರೈವರಿನ ಮಾಡ್ಯೂಲ್ ಅದಕ್ಕೆ ತಕ್ಕಂತೆ ಮತ್ತೆ ಕಟ್ಟಿಕೊಳ್ಳಬೇಕು. ಸೆಕ್ಯೂರ್ ಬೂಟ್ ಚಾಲೂ ಇದ್ದು ಮಾಡ್ಯೂಲಿಗೆ ಸಹಿ ಇಲ್ಲದಿದ್ದರೆ ಅದು ಒಳಗೇ ಬರುವುದಿಲ್ಲ. ಗ್ರಬ್ ಪರದೆಯ ‘ಅಡ್ವಾನ್ಸ್ಡ್ ಆಪ್ಷನ್ಸ್’ನಲ್ಲಿ ಹಿಂದಿನ ಕರ್ನಲ್ ಆರಿಸಿ ಒಳಗೆ ಹೋದರೆ ಮುಂದಿನದು ಅಷ್ಟು ಕಷ್ಟವಲ್ಲ.

ಭಾನುವಾರ ಮದುಮಗಳ ಅಪ್ಪ ಬಂದು ಪೆನ್‌ಡ್ರೈವ್ ತೆಗೆದುಕೊಂಡು ಹೋದರಂತೆ. ನಲವತ್ತು ಸಾವಿರ ಬಂತು. ಅದರಲ್ಲಿ ಮೊದಲು ಕೊಂಡದ್ದು ಇನ್ನೊಂದು ಹಾರ್ಡ್‌ಡಿಸ್ಕ್. ಈಗ ಹುಡುಗ ಎರಡು ಕಡೆ ಕಾಪಿ ಆಗುವ ತನಕ ಕ್ಯಾಮೆರಾ ಕಾರ್ಡ್ ಮುಟ್ಟುವುದಿಲ್ಲ. ಕಾಕಾ ನನಗೆ ರೊಕ್ಕ ಕೊಡಲು ಬಂದರು, ನಾನು ತೆಗೆದುಕೊಳ್ಳಲಿಲ್ಲ. ಕಾಕು ಕಟ್ಟಿಕೊಟ್ಟ ಶೇಂಗಾ ಹೋಳಿಗೆ ಮಾತ್ರ ಬೇಡವೆನ್ನಲಿಲ್ಲ.

ಮೊನ್ನೆ ಆ ಕಡೆ ಹೋದಾಗ ಅಂಗಡಿಯೊಳಗೆ ಹಣಿಕಿದೆ. ಗಲ್ಲಾಪೆಟ್ಟಿಗೆಯ ಮೇಲೆ ಗೋಡೆಗೆ ಮೊಳೆ ಹೊಡೆದು ಆ ಸುಟ್ಟ ಪ್ಲಗ್ ತೂಗುಹಾಕಿದ್ದಾರೆ. ಬಂದ ಗಿರಾಕಿಗಳಿಗೆಲ್ಲ ಬೆರಳು ಮಾಡಿ ತೋರಿಸುತ್ತಾರಂತೆ: ‘ಇದ ನೋಡ್ರಿ, ನಮ್ಮ ಇಂಜಿನಿಯರ್ ಸಾಹೇಬ್ರು ಮೂವತ್ತು ಸಾವಿರ ಅಂದಿದ್ರು.’